ಒಕ್ಕಲು ಬರುವ ಮುನ್ನ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದರು ಹಿರಿಯರು. ಈ ಎರಡು ಕಾರ್ಯಗಳಲ್ಲಿ ಮನುಷ್ಯನ ತಾಳ್ಮೆಯೂ ಗಂಟೂ ಒಟ್ಟಿಗೆ ಕರಗುವುದನ್ನು ಕಂಡೇ ಅವರು ಈ ಮಾತನ್ನಾಡಿರಬೇಕು. ಆದರೆ ಅವರು ಹೇಳಿದ್ದು ತಾನು ಬಾಳುವ ಮನೆಯನ್ನು ಕುರಿತು. ಬೇರೊಬ್ಬರಿಗೆ ಬಾಡಿಗೆಗೆ ಬಿಡುವುದಕ್ಕೆಂದೇ ಮನೆಯನ್ನು ಕಟ್ಟಿಸುವ ಅಥವಾ ಕೊಳ್ಳುವ ಸಾಹಸವನ್ನು ಕುರಿತು ನಮ್ಮಲ್ಲಿ ಗಾದೆಯೊಂದು ಹುಟ್ಟಿದಂತೆ ಕಾಣೆ. ಹುಟ್ಟಿದ್ದರೆ ಇಂದಿನ ಗೃಹಸ್ಥರಿಗೆ ಬಹಳ ಉಪಕಾರವಾಗುತ್ತಿತ್ತು.

ಕೈಯಲ್ಲಿ ನಾಲ್ಕು ಕಾಸು ಕೂಡಿದ ಮಧ್ಯಮ ವರ್ಗದ ಸಂಸಾರದಲ್ಲಿ ಇಂದು ಏಳುವ ಮೊದಲ ಆಲೋಚನೆಯೇ ಇದು: "ಒಂದು ಮನೆ ಮಾಡಿ ಬಾಡಿಗೆಗೆ ಬಿಟ್ಟರೆ ತಿಂಗಳು ತಿಂಗಳೂ ಪಿಂಚಣಿ ಬಂದ ಹಾಗೆ." ಷೇರು ಪೇಟೆ ಎಂದರೆ ಎದೆ ಹೊಡೆದುಕೊಳ್ಳುತ್ತದೆ, ಬ್ಯಾಂಕಿನ ಬಡ್ಡಿ ಸಾಲದೆನಿಸುತ್ತದೆ, ಚಿನ್ನ ಪೆಟ್ಟಿಗೆಯಲ್ಲಿ ಮಲಗಿರುತ್ತದೆಯೇ ಹೊರತು ದುಡಿಯುವುದಿಲ್ಲ. ಮನೆಯಾದರೋ ಕಣ್ಣಿಗೆ ಕಾಣುತ್ತದೆ, ಕೈಗೆ ತಾಕುತ್ತದೆ, ನಾಲ್ಕು ಜನರಿಗೆ ತೋರಿಸಲೂ ಬರುತ್ತದೆ. ಈ ಆಲೋಚನೆ ಹೊಸದೇನೂ ಅಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ತರುವಾಯ ಬಸವನಗುಡಿ, ಮಲ್ಲೇಶ್ವರಗಳೆಂಬ ಹೊಸ ಬಡಾವಣೆಗಳು ಬೆಳೆದವು. ಮುಂದೆ ಅಂಥ ಬಡಾವಣೆಗಳಲ್ಲಿ ಮುಂದಿನ ಮನೆಯಲ್ಲಿ ತಾವಿದ್ದು ಹಿತ್ತಲಿನ ಕಡೆ ಒಂದೆರಡು ಚಿಕ್ಕ ಮನೆಗಳನ್ನು ಬಾಡಿಗೆಗೆ ಬಿಟ್ಟ ಪಿಂಚಣಿದಾರರೆಷ್ಟು ಮಂದಿ! ಹಳೆಯ ಪೇಟೆಯ ವಠಾರಗಳೂ ಅಷ್ಟೆ. ಒಂದು ಅಂಗಳ, ಒಂದು ನಲ್ಲಿ, ಹತ್ತು ಸಂಸಾರ, ಒಬ್ಬ ಯಜಮಾನ. ಬಾಡಿಗೆಯ ಹಣದಿಂದ ಮಕ್ಕಳ ವಿದ್ಯೆ, ಮಗಳ ಮದುವೆ ಸಾಗಿದ ಮನೆಗಳು ನಮ್ಮ ನಗರಗಳಲ್ಲಿ ಬೇಕಾದಷ್ಟಿವೆ.

ಆದರೆ ಅಂದು ನಿವೇಶನ ಅಗ್ಗವಾಗಿತ್ತು, ಯಜಮಾನನು ಅದೇ ಅಂಗಳದಲ್ಲಿ ವಾಸವಾಗಿದ್ದನು. ಇಂದು ನಿವೇಶನವೇ ಸಂಪತ್ತನ್ನೆಲ್ಲ ನುಂಗುತ್ತದೆ. ಯಜಮಾನನು ಒಂದೂರಿನಲ್ಲಿ, ಮನೆ ಮತ್ತೊಂದೂರಿನಲ್ಲಿ. ಇವೆರಡು ವ್ಯತ್ಯಾಸಗಳಿಂದ ಲೆಕ್ಕವೆಲ್ಲ ತಲೆಕೆಳಗಾಗಿದೆ ಎಂಬುದನ್ನು ನಮ್ಮ ಜನ ಇನ್ನೂ ಪೂರ್ತಿಯಾಗಿ ಮನಗಂಡಂತಿಲ್ಲ.

ನಮ್ಮ ಸಾದಲಿಯ ಹಿರಿಯರೊಬ್ಬರು, ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಈಚೆಗೆ ಈ ಸಮಸ್ಯೆಯನ್ನೇ ನನ್ನ ಮುಂದಿಟ್ಟರು. "ಏನಪ್ಪಾ, ಬಂದ ಹಣವನ್ನು ಬೆಂಗಳೂರಿನಲ್ಲಿ ಹಾಕಲೆ, ಚಿಕ್ಕಬಳ್ಳಾಪುರದಲ್ಲಿ ಹಾಕಲೆ, ಇಲ್ಲ ನಮ್ಮ ಊರಿನಲ್ಲೇ ಅಪ್ಪನ ಕಾಲದ ಜಾಗದಲ್ಲಿ ನಾಲ್ಕು ಮನೆ ಎಬ್ಬಿಸಿ ಬಾಡಿಗೆಗೆ ಬಿಡಲೆ?"

"ಕನ್ನಡ ಎಂ.ಎ. ಓದಿದವನನ್ನು ಲೆಕ್ಕದ ಪ್ರಶ್ನೆ ಕೇಳುತ್ತೀರಲ್ಲ, ಮೇಷ್ಟ್ರೇ" ಎಂದೆ.

"ಲೆಕ್ಕ ನನಗೂ ಬರುತ್ತದೆ, ಮಾರಾಯ. ಯಾವ ಲೆಕ್ಕವನ್ನು ಹಾಕಬೇಕು ಎಂಬುದೇ ತಿಳಿಯುತ್ತಿಲ್ಲ" ಎಂದರು.

ಅವರ ಮಾತಿನಲ್ಲಿ ಬಹಳ ಅರ್ಥವಿತ್ತು. ಆದುದರಿಂದ ಅಂದು ನಮ್ಮಿಬ್ಬರ ನಡುವೆ ನಡೆದ ವಿಚಾರವನ್ನು, ಇಂಥ ನಿರ್ಧಾರದ ಹೊಸ್ತಿಲಲ್ಲಿ ನಿಂತಿರುವ ಇತರ ವಾಚಕರಿಗೂ ಪ್ರಯೋಜನವಾದೀತೆಂದು, ಇಲ್ಲಿ ಸ್ವಲ್ಪ ಕ್ರಮವಾಗಿ ಬರೆಯುತ್ತಿದ್ದೇನೆ.

ಮೊದಲು ಒಂದು ಪದದಿಂದ ಆರಂಭಿಸೋಣ. ಅದು ನನ್ನ ಕಸುಬು. ಬಾಡಿಗೆಗೆ ಬರುವವರನ್ನು ನಮ್ಮ ಕಡೆ 'ಒಕ್ಕಲು' ಎನ್ನುತ್ತಾರೆ. ಹೊಲ ಉಳುವವನೂ ಒಕ್ಕಲು, ಸಂಸಾರವೂ ಒಕ್ಕಲು, ಹೊಸ ಮನೆಗೆ ಹಾಲುಕ್ಕಿಸಿ ಹೋಗುವುದೂ ಒಕ್ಕಲಾಗುವುದೇ. ಬಿಡಿಸಿ ಕಳುಹಿಸುವುದಕ್ಕೆ ಒಕ್ಕಲೆಬ್ಬಿಸುವುದೆಂದು ಹೆಸರು. ಭಾಷೆ ಇಲ್ಲಿ ನಮಗಿಂತ ಬುದ್ಧಿವಂತವಾಗಿದೆ. ಬಾಡಿಗೆ ಹುಟ್ಟುವುದು ಇಟ್ಟಿಗೆಯಿಂದಲ್ಲ, ಗಾರೆಯಿಂದಲ್ಲ; ಒಳಗೆ ಬಂದು ಬಾಳುವ ಸಂಸಾರವೊಂದರ ಸಂಪಾದನೆಯಿಂದ. ಆದುದರಿಂದ "ಎಷ್ಟು ಚದರದ ಮನೆ?" ಎಂದು ಕೇಳುವುದಕ್ಕೆ ಮುಂಚೆ "ಇಲ್ಲಿಗೆ ಒಕ್ಕಲು ಬರುವವರು ಯಾರು, ಅವರ ಅನ್ನ ಎಲ್ಲಿಂದ ಬರುತ್ತದೆ?" ಎಂದು ಕೇಳತಕ್ಕದ್ದು.

ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ನಮ್ಮ ಜಿಲ್ಲೆಯನ್ನೊಮ್ಮೆ ಸುತ್ತಿಬಂದರೆ ಒಂದೊಂದು ಊರೂ ಒಂದೊಂದು ಉತ್ತರ ಕೊಡುತ್ತದೆ. ಚಿಕ್ಕಬಳ್ಳಾಪುರವು 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಜಿಲ್ಲಾ ಕೇಂದ್ರವಾಯಿತು. ಜಿಲ್ಲಾ ಕಚೇರಿಗಳು, ನ್ಯಾಯಾಲಯಗಳು, ಎಂಜಿನಿಯರಿಂಗ್ ಕಾಲೇಜು, ಈಚೆಗೆ ಬಂದ ವೈದ್ಯಕೀಯ ಕಾಲೇಜು, ಇವೆಲ್ಲ ಸಂಬಳದ ಸಂಸಾರಗಳನ್ನೂ ವಿದ್ಯಾರ್ಥಿಗಳನ್ನೂ ಊರಿಗೆ ತರುತ್ತವೆ. ಸರಕಾರಿ ನೌಕರನಿಗೆ ವರ್ಗವಾದರೆ ಅವನ ಜಾಗಕ್ಕೆ ಇನ್ನೊಬ್ಬ ನೌಕರನೇ ಬರುತ್ತಾನೆ. ಬೆಂಗಳೂರಿಗೆ ಸುಮಾರು 60 ಕಿಲೋಮೀಟರು, ಹೆದ್ದಾರಿಯುಂಟು, ರೈಲುಂಟು. ಇಲ್ಲಿ ಬಾಡಿಗೆ ಹೆಚ್ಚಲ್ಲದಿದ್ದರೂ ಮನೆ ಬಹುಕಾಲ ಖಾಲಿ ಬೀಳುವ ಭಯ ಕಡಿಮೆ.

ಶಿಡ್ಲಘಟ್ಟದ ಬದುಕು ರೇಷ್ಮೆಯ ಎಳೆಯ ಮೇಲೆ ನಿಂತಿದೆ. ಅಲ್ಲಿನ ಗೂಡಿನ ಮಾರುಕಟ್ಟೆ ರಾಮನಗರದ್ದರೊಡನೆ ಹೆಸರಿಸುವಷ್ಟು ದೊಡ್ಡದು. ನೂಲು ಬಿಚ್ಚುವ ಘಟಕಗಳಲ್ಲಿ ದುಡಿಯುವ ಸಂಸಾರಗಳಿಗೆ ಮನೆ ಬೇಕೇ ಬೇಕು. ಆದರೆ ಗೂಡಿನ ಬೆಲೆ ಇಂದು ಏರಿದರೆ ನಾಳೆ ಇಳಿಯುತ್ತದೆ. ಚೀಣಾ ದೇಶದ ರೇಷ್ಮೆ ಅಗ್ಗವಾಗಿ ಬಂದಿಳಿದರೆ ಇಲ್ಲಿನ ನೂಲು ಬಿಚ್ಚುವವರ ಒಲೆ ಆರುತ್ತದೆ. ಒಂದೇ ಕಸುಬಿನ ಊರಿನಲ್ಲಿ ಆ ಕಸುಬಿಗೆ ನೆಗಡಿಯಾದರೆ ಬಾಡಿಗೆಗೆ ಜ್ವರ ಬರುತ್ತದೆ. ಚಿಂತಾಮಣಿ ಹಳೆಯ ವ್ಯಾಪಾರದ ಪೇಟೆ. ಅಂಗಡಿ, ಮಂಡಿ, ಕಾಲೇಜು ಮೂರೂ ಇರುವುದರಿಂದ ಅದರ ಅನ್ನ ಒಂದೇ ಬಟ್ಟಲಿನಲ್ಲಿಲ್ಲ. ಗೌರಿಬಿದನೂರು ಬೆಂಗಳೂರಿನಿಂದ ಹಿಂದೂಪುರಕ್ಕೆ ಹೋಗುವ ರೈಲುದಾರಿಯ ಮೇಲಿದೆ. ಸಿದ್ಧ ಉಡುಪಿನ ಕಾರ್ಖಾನೆಗಳೂ ಸಮೀಪದ ತೊಂಡೇಬಾವಿಯ ಸಿಮೆಂಟು ಕಾರ್ಖಾನೆಯೂ ಅಲ್ಲಿನ ದುಡಿಮೆಗೆ ಆಸರೆ. ಅಲ್ಲಿಯ ಕೂಲಿಗಾರ ಹೆಣ್ಣುಮಗಳಿಗೆ ಬೇಕಾದದ್ದು ಚಿಕ್ಕದಾದ, ಕಾರ್ಖಾನೆಗೆ ಹತ್ತಿರವಾದ, ಭದ್ರವಾದ ಕೋಣೆ; ಅಮೃತಶಿಲೆ ಹಾಸಿದ ಹಜಾರವಲ್ಲ.

ಇನ್ನು ನಮ್ಮ ಸಾದಲಿ. ಶಿಡ್ಲಘಟ್ಟ ತಾಲ್ಲೂಕಿನ ಹೋಬಳಿ ಕೇಂದ್ರ. ಹೋಬಳಿಯ ಊರೊಂದರಲ್ಲಿ ಬಾಡಿಗೆಗೆ ಮನೆ ಕೇಳಿಕೊಂಡು ಬರುವವರು ಯಾರು? ಶಾಲೆಯ ಉಪಾಧ್ಯಾಯರು, ಆಸ್ಪತ್ರೆಯ ದಾದಿ, ಬ್ಯಾಂಕಿನ ಗುಮಾಸ್ತರು, ಪಂಚಾಯತಿಯ ಅಧಿಕಾರಿ. ಅವರಲ್ಲಿಯೂ ಮಕ್ಕಳ ಓದಿಗಾಗಿ ತಾಲ್ಲೂಕು ಕೇಂದ್ರದಲ್ಲೇ ಮನೆ ಮಾಡಿ ದಿನವೂ ಬಸ್ಸಿನಲ್ಲೋ ಮೋಟಾರು ಸೈಕಲ್ಲಿನಲ್ಲೋ ಬಂದುಹೋಗುವವರೇ ಹೆಚ್ಚು. ಬೆರಳೆಣಿಕೆಯ ಒಕ್ಕಲುಗಳಿಗಾಗಿ ನಾಲ್ಕು ಮನೆ ಕಟ್ಟಿದರೆ ಎರಡರಲ್ಲಿ ದೀಪ ಉರಿಯುತ್ತದೆ, ಎರಡರಲ್ಲಿ ಜೇಡ ಬಲೆ ನೇಯುತ್ತದೆ. ಹುಟ್ಟೂರಿನ ಮೇಲಿನ ಪ್ರೀತಿ ದೊಡ್ಡದು. ಆದರೆ ಪ್ರೀತಿಗೆ ಬಾಡಿಗೆ ಬರುವುದಿಲ್ಲ.

"ಹಾಗಾದರೆ ಚಿಕ್ಕಬಳ್ಳಾಪುರವೇ ಸರಿ ಎನ್ನು" ಎಂದರು ಮೇಷ್ಟ್ರು. ಅವಸರ ಬೇಡವೆಂದು ಕಾಗದ ತೆಗೆದುಕೊಂಡು ಇಬ್ಬರೂ ಲೆಕ್ಕಕ್ಕೆ ಕುಳಿತೆವು. ಅಂಕಿಗಳು ಉದಾಹರಣೆಗಾಗಿ ಊಹಿಸಿಕೊಂಡವು. ವಾಚಕರು ತಮ್ಮ ತಮ್ಮ ಊರಿನ ಅಂಕಿಗಳನ್ನು ಇದೇ ಸಾಲುಗಳಲ್ಲಿ ತುಂಬಿಕೊಳ್ಳಬಹುದು.

ಕೆಳಗೊಂದು ಮೇಲೊಂದು ಸಂಸಾರ ಇರಬಹುದಾದ ಮನೆ. ಬೆಲೆ 50 ಲಕ್ಷ ರೂಪಾಯಿ. ಮುದ್ರಾಂಕ ಶುಲ್ಕ, ಅದರ ಮೇಲಿನ ಕರಗಳು, ನೋಂದಣಿ ಶುಲ್ಕ ಇವೆಲ್ಲ ಸೇರಿ ಬೆಲೆಯ ಶೇಕಡಾ ಏಳೂವರೆಯ ಮೇಲೆ ಹೋಗುತ್ತದೆ. 2025ರ ಆಗಸ್ಟ್ ತಿಂಗಳ ಕೊನೆಯಲ್ಲಿ ನಮ್ಮ ರಾಜ್ಯದಲ್ಲಿ ನೋಂದಣಿ ಶುಲ್ಕವೇ ಶೇಕಡಾ 1ರಿಂದ 2ಕ್ಕೆ ಏರಿತಷ್ಟೆ. ಸುಣ್ಣಬಣ್ಣ, ಚಿಲ್ಲರೆ ದುರಸ್ತಿ, ದಲಾಲಿ ಸೇರಿಸಿ ಕೈಬಿಟ್ಟ ಹಣ 55 ಲಕ್ಷ ಎಂದಿಟ್ಟುಕೊಳ್ಳಿ. ಒಂದೊಂದು ಭಾಗಕ್ಕೆ 9,000ದಂತೆ ತಿಂಗಳಿಗೆ 18,000, ವರ್ಷಕ್ಕೆ 2,16,000. ಮನೆ ಮಾರುವವನು ಇಲ್ಲಿಗೆ ಲೆಕ್ಕ ನಿಲ್ಲಿಸಿ "ಶೇಕಡಾ ನಾಲ್ಕೂಕಾಲಕ್ಕಿಂತ ಮೇಲಾಯಿತಲ್ಲ ಸ್ವಾಮಿ!" ಎನ್ನುತ್ತಾನೆ.

ಕೊಳ್ಳುವವನು ಅಲ್ಲಿ ನಿಲ್ಲಬಾರದು. ಒಕ್ಕಲು ಬದಲಾಗುವಾಗ ಮನೆ ಖಾಲಿ ಬೀಳುತ್ತದೆ. ವರ್ಷಕ್ಕೆ ಒಂದು ತಿಂಗಳನ್ನು ಅದಕ್ಕೆ ಕಳೆದರೆ ಉಳಿದದ್ದು 1,98,000. ಕಂದಾಯ, ಮೋಟಾರು ಪಂಪಿನ ದುರಸ್ತಿ, ಸೋರುವ ತಾರಸಿ, ಸುಣ್ಣ ಇವಕ್ಕೆ ವರ್ಷದ ಸರಾಸರಿ 30,000 ಹಿಡಿದರೆ ಕೈಗೆ ಹತ್ತುವುದು 1,68,000. ಇದನ್ನು 55 ಲಕ್ಷಕ್ಕೆ ಹಂಚಿದರೆ ಶೇಕಡಾ ಮೂರು! ಅದೇ ಹಣ ಶೇಕಡಾ ಆರೂವರೆಯ ಠೇವಣಿಯಲ್ಲಿದ್ದಿದ್ದರೆ 3,57,500 ಬರುತ್ತಿತ್ತು. ವರ್ಷಕ್ಕೆ 1,89,500 ರೂಪಾಯಿಯ ಕೊರತೆ. ಅದನ್ನು ತುಂಬಿಕೊಳ್ಳಬೇಕಾದರೆ ಮನೆಯ ಬೆಲೆ ಪ್ರತಿವರ್ಷವೂ ಶೇಕಡಾ ಮೂರೂವರೆಯಷ್ಟು ಏರುತ್ತಲೇ ಇರಬೇಕು. ಏರಿದರೂ ಮಾರುವ ದಿನದವರೆಗೆ ಆ ಹಣ ಕಾಗದದ ಮೇಲಿನದು.

ಮೇಷ್ಟ್ರು ಪೆನ್ನು ಕೆಳಗಿಟ್ಟರು. ತೆರಿಗೆಯ ವಿಷಯದಲ್ಲಿ ಬಾಡಿಗೆಗೆ ಒಂದು ಅನುಕೂಲವಿದೆ ಎಂಬುದನ್ನೂ ಹೇಳಬೇಕು: ಪುರಸಭೆಗೆ ಕಟ್ಟಿದ ತೆರಿಗೆಯನ್ನು ಕಳೆದು ಉಳಿದ ಬಾಡಿಗೆಯಲ್ಲಿ ಶೇಕಡಾ 30ನ್ನು, ದುರಸ್ತಿಗೆ ಖರ್ಚಾಗಿರಲಿ ಬಿಡಲಿ, ವರಮಾನ ತೆರಿಗೆಯ ಕಾನೂನು ವಿನಾಯಿತಿ ಮಾಡುತ್ತದೆ, ಠೇವಣಿಯ ಬಡ್ಡಿಗೆ ಅಂಥ ಉದಾರತೆಯಿಲ್ಲ. ಬಾಡಿಗೆ ಕಾಲದೊಡನೆ ಏರುವುದೂ ನಿಜ, ಠೇವಣಿಯ ಅಸಲು ಮಾತ್ರ ಇದ್ದಷ್ಟೇ ಇದ್ದು ಬೆಲೆಯೇರಿಕೆಯಲ್ಲಿ ಸವೆಯುವುದೂ ನಿಜ. ಇತ್ತ ಅರವತ್ತು ದಾಟಿದವರಿಗೆ ಹಿರಿಯ ನಾಗರಿಕರ ಉಳಿತಾಯ ಯೋಜನೆಯೂ ಉಂಟು. 2023ರ ಏಪ್ರಿಲಿನಲ್ಲಿ ಅದರ ಬಡ್ಡಿ ಶೇಕಡಾ 8.2ಕ್ಕೂ ಹೂಡಿಕೆಯ ಮಿತಿ 30 ಲಕ್ಷಕ್ಕೂ ಏರಿದವು. ತೂಗುವಾಗ ಎರಡು ತಟ್ಟೆಯಲ್ಲೂ ಇರುವುದನ್ನೆಲ್ಲ ಇಡಬೇಕು.

ಸಾಲ ಮಾಡಿ ಬಾಡಿಗೆಯ ಮನೆ ಕೊಳ್ಳುವವರ ಧೈರ್ಯ ಇನ್ನೂ ದೊಡ್ಡದು. ಮೇಲಿನ ಮನೆಗೆ 25 ಲಕ್ಷ ಸಾಲ ಮಾಡಿದರೆ ಶೇಕಡಾ ಎಂಟೂವರೆಯ ದರದಲ್ಲಿ ಮೊದಲ ವರ್ಷದ ಬಡ್ಡಿಯೇ ಎರಡು ಲಕ್ಷ ದಾಟುತ್ತದೆ. ಕೈಗೆ ಬರುವ ಬಾಡಿಗೆ 1,68,000. ಅಂದರೆ ಒಕ್ಕಲಿನವರು ಕೊಟ್ಟದ್ದೆಲ್ಲ ಬ್ಯಾಂಕಿಗೆ ಹೋಗಿ, ಮೇಲೆ ಯಜಮಾನನೂ ತನ್ನ ಸಂಬಳದಿಂದ ಕಟ್ಟಬೇಕು. "ಬಾಡಿಗೆಯೇ ಸಾಲ ತೀರಿಸುತ್ತದೆ" ಎಂಬ ಮಾತನ್ನು ನಂಬುವ ಮುನ್ನ ಈ ಒಂದು ಸಾಲಿನ ಲೆಕ್ಕವನ್ನು ಮಾಡಿ ನೋಡುವುದು ಒಳಿತು.

"ಹಾಗಾದರೆ ಭೋಗ್ಯಕ್ಕೆ ಕೊಟ್ಟರಾಯಿತು, ಒಂದೇ ಸಲ ದೊಡ್ಡ ಹಣ ಕೈಗೆ ಬರುತ್ತದೆ" ಎಂದು ಕೇಳುವವರುಂಟು. ಕನ್ನಡ ನಾಡಿನ ಊರೂರಿನಲ್ಲಿ, ಈಗ 'ಲೀಸು' ಎಂಬ ಹೆಸರಿನಿಂದ ನಡೆಯುತ್ತಿರುವ ಈ ಪದ್ಧತಿ ಕೇಳಲು ಸೊಗಸು: ಒಕ್ಕಲಿನವನು ಗಂಟು ಕೊಡುತ್ತಾನೆ, ಬಾಡಿಗೆ ಕೊಡುವುದಿಲ್ಲ, ಅವಧಿ ಮುಗಿದಾಗ ಯಜಮಾನ ಗಂಟನ್ನು ಹಿಂತಿರುಗಿಸುತ್ತಾನೆ. 9,000ದ ಬಾಡಿಗೆಯ ಮನೆಯನ್ನು 6 ಲಕ್ಷಕ್ಕೆ ಭೋಗ್ಯಕ್ಕೆ ಕೊಟ್ಟರೆಂದು ತಿಳಿಯಿರಿ. ವರ್ಷಕ್ಕೆ 1,08,000 ಬಾಡಿಗೆಯನ್ನು ಬಿಟ್ಟುಕೊಟ್ಟಂತಾಯಿತು. ಅಂದರೆ ಯಜಮಾನನು ಶೇಕಡಾ 18ರ ಬಡ್ಡಿಗೆ ಸಾಲ ತಂದಿದ್ದಾನೆ! ಆ ಹಣವನ್ನು ಮಗಳ ಮದುವೆಗೋ ಮತ್ತೊಂದು ನಿವೇಶನಕ್ಕೋ ಸುರಿದರೆ, ಮೂರು ವರ್ಷದ ನಂತರ ಹಿಂತಿರುಗಿಸಲು ಹೊಸ ಭೋಗ್ಯದವನನ್ನು ಹುಡುಕಬೇಕು. ಒಬ್ಬನ ಟೋಪಿ ಇನ್ನೊಬ್ಬನಿಗೆ ಇಡುವ ಈ ಆಟ ಹೊಸಬ ಸಿಗುವ ತನಕ ಮಾತ್ರ ನಡೆಯುತ್ತದೆ.

ಒಕ್ಕಲಿನವನ ಪಾಡು ಇದಕ್ಕಿಂತ ಕಷ್ಟ. ಹಣ ಪಡೆದು, ಬಡ್ಡಿಗೆ ಬದಲಾಗಿ ಮನೆಯನ್ನು ಅನುಭವಿಸಲು ಬಿಟ್ಟುಕೊಟ್ಟರೆ ಅದು 1882ರ ಸ್ವತ್ತು ವರ್ಗಾವಣೆ ಕಾಯಿದೆಯ ದೃಷ್ಟಿಯಲ್ಲಿ ಭೋಗ್ಯದ ಅಡಮಾನದ ಸ್ವರೂಪದ್ದು. ನೂರು ರೂಪಾಯಿ ಮೇಲಿನ ಅಂಥ ಅಡಮಾನ ನೋಂದಣಿಯಾಗಬೇಕೆಂಬುದು ಆ ಕಾಯಿದೆಯ ಮಾತು. ನಮ್ಮಲ್ಲಿ ಆರೇಳು ಲಕ್ಷದ ವ್ಯವಹಾರ ಒಂದು ಛಾಪಾ ಕಾಗದದ ಮೇಲೆ ಮುಗಿದುಹೋಗುತ್ತದೆ. ಅದೇ ಮನೆ ಮೊದಲೇ ಬ್ಯಾಂಕಿಗೆ ಅಡವಾಗಿದ್ದು, ಯಜಮಾನ ಕಂತು ತಪ್ಪಿಸಿದರೆ ಬ್ಯಾಂಕಿನವರು ಬಾಗಿಲಿಗೆ ಬರುತ್ತಾರೆ. ಜೀವಮಾನದ ಉಳಿತಾಯ ಕೊಟ್ಟ ಸಂಸಾರ ಬೀದಿಯಲ್ಲಿ ನಿಲ್ಲುತ್ತದೆ. ಭೋಗ್ಯಕ್ಕೆ ಹೋಗುವವರು ಉಪನೋಂದಣಿ ಕಚೇರಿಯ ಋಣಭಾರ ಪತ್ರವನ್ನು ನೋಡದೆ, ಪತ್ರ ನೋಂದಣಿ ಮಾಡಿಸದೆ ಹಣ ಕೊಡಬಾರದು. ಬ್ಯಾಂಕಿಗೆ ಹಕ್ಕುಪತ್ರವನ್ನು ಒಪ್ಪಿಸಿ ಪಡೆದ ಸಾಲ ಕೆಲವೊಮ್ಮೆ ಋಣಭಾರ ಪತ್ರದಲ್ಲಿ ಕಾಣದೆಯೂ ಇರಬಹುದು. ಆದುದರಿಂದ ಮೂಲಪತ್ರಗಳನ್ನು ಕಣ್ಣಾರೆ ನೋಡಬೇಕು.

ಪತ್ರಗಳ ಮಾತು ಬಂದದ್ದರಿಂದ ಕೊಳ್ಳುವವರಿಗೂ ಎರಡು ಮಾತು. ನಮ್ಮ ಕಡೆ ಹೊಲದ ನಡುವೆ ಕಲ್ಲು ನೆಟ್ಟು, ಕೆಂಪು ಮಣ್ಣಿನ ರಸ್ತೆ ಎಳೆದು, ಬಣ್ಣದ ಬಾವುಟ ಕಟ್ಟಿ ನಿವೇಶನ ಮಾರುವ ದೃಶ್ಯ ಅಪರೂಪವಲ್ಲ. 1964ರ ಭೂಕಂದಾಯ ಕಾಯಿದೆಯಂತೆ ಕೃಷಿಯ ಭೂಮಿ ವಾಸಕ್ಕೆಂದು ಪರಿವರ್ತನೆಯಾಗಿದೆಯೆ? ಬಡಾವಣೆಯ ನಕ್ಷೆಗೆ ಯೋಜನಾ ಪ್ರಾಧಿಕಾರದ ಒಪ್ಪಿಗೆಯಿದೆಯೆ? ಗ್ರಾಮ ಪಂಚಾಯತಿಯ ಸ್ವತ್ತಾದರೆ 2013ರಿಂದ ನಡೆದುಬಂದಿರುವ ಇ-ಸ್ವತ್ತು ವ್ಯವಸ್ಥೆಯಲ್ಲಿ ನಮೂನೆ 9 ಮತ್ತು 11ಎ ದೊರೆಯುತ್ತದೆಯೆ, ಇಲ್ಲ ಕ್ರಮಬದ್ಧವಲ್ಲದ ಸ್ವತ್ತಿಗೆ ಕೊಡುವ 11ಬಿ ಮಾತ್ರವೆ? ಈ ಪ್ರಶ್ನೆಗಳಿಗೆ ನೇರ ಉತ್ತರ ಕೊಡದೆ "ಅದೆಲ್ಲ ಆಮೇಲೆ ಸರಿಹೋಗುತ್ತದೆ ಸಾರ್" ಎನ್ನುವ ದಲಾಲಿಗೆ ನಮಸ್ಕಾರ ಮಾಡಿ ಬಸ್ಸು ಹತ್ತುವುದೇ ವಿವೇಕ.

ಇನ್ನು ನೀರು. ನಮ್ಮ ಜಿಲ್ಲೆಗೆ ವರ್ಷವೆಲ್ಲ ಹರಿಯುವ ನದಿಯಿಲ್ಲ; ಕೆರೆಗಳ ನಾಡಿದು. ಕೆರೆ ಬತ್ತಿದ ಮೇಲೆ ಸಾವಿರ ಅಡಿ ಮೀರಿ ಕೊರೆಸಿದ ಕೊಳವೆಬಾವಿಗಳಲ್ಲಿ ನೀರು ಸಿಕ್ಕರೂ ಅದರಲ್ಲಿ ಫ್ಲೋರೈಡಿನ ಅಂಶ. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ಹರಿಸುವ ಯೋಜನೆ ಅಂತರ್ಜಲವನ್ನು ಏರಿಸುವುದಕ್ಕಾಗಿ ಬಂದದ್ದು, ಕುಡಿಯುವುದಕ್ಕಲ್ಲ. ಎತ್ತಿನಹೊಳೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಆದರೆ ಸಕಲೇಶಪುರದಲ್ಲಿ ಎತ್ತಿದ ನೀರನ್ನು ನಂಬಿಕೊಂಡು ಇಲ್ಲಿ ತಾರಸಿಯ ಮೇಲೆ ತೊಟ್ಟಿ ಕಟ್ಟುವುದು ತರವಲ್ಲ. ಮನೆ ನೋಡಲು ಏಪ್ರಿಲ್ ತಿಂಗಳಲ್ಲಿ ಹೋಗಿ, ದಲಾಲಿಯನ್ನಲ್ಲ, ಪಕ್ಕದ ಮನೆಯ ತಾಯಿಯನ್ನು "ಎಷ್ಟು ದಿನಕ್ಕೊಮ್ಮೆ ನೀರು ಬಿಡುತ್ತಾರಮ್ಮ?" ಎಂದು ಕೇಳಿ. ಬೇಸಿಗೆಯಲ್ಲಿ ಟ್ಯಾಂಕರಿನ ನೀರು ಕೊಳ್ಳಬೇಕಾದ ಮನೆಯಲ್ಲಿ ಯಾವ ಒಕ್ಕಲೂ ಎರಡನೆಯ ಬೇಸಿಗೆಗೆ ಉಳಿಯುವುದಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಜನರನ್ನು ಕೆಡಿಸುವುದು 'ಬರಲಿದೆ' ಎಂಬ ಒಂದು ಪದ. ವಿಮಾನ ನಿಲ್ದಾಣ ಬರಲಿದೆ, ಕಾರ್ಖಾನೆ ಬರಲಿದೆ, ರೈಲು ಬರಲಿದೆ! ಬಂದವುಗಳೂ ಉಂಟು: 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು, ಆ ದಿಕ್ಕಿನ ನೆಲದ ಬೆಲೆ ಏರಿದ್ದನ್ನು ಎಲ್ಲರೂ ಕಂಡಿದ್ದೇವೆ. 2013ರಲ್ಲಿ ಚಿಕ್ಕಬಳ್ಳಾಪುರ–ಕೋಲಾರದ ಹಳೆಯ ಕಿರುಹಳಿ ಬ್ರಾಡ್‌ಗೇಜ್ ಆಯಿತು. ಆದರೆ ಅದೇ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಕೈಗಾರಿಕೆಗೆಂದು ಗುರುತಿಸಿದ್ದ 1,777 ಎಕರೆಯ ಭೂಸ್ವಾಧೀನವನ್ನು, ರೈತರ ದೀರ್ಘ ಹೋರಾಟದ ತರುವಾಯ, ಸರಕಾರ 2025ರ ಜುಲೈ 15ರಂದು ಕೈಬಿಟ್ಟಿತು. ಭೂಮಿಯನ್ನು ಉಳಿಸಿಕೊಂಡ ರೈತನಿಗೆ ಅದು ಹಬ್ಬ; ಕಾರ್ಖಾನೆ ಬಂದೇ ಬರುತ್ತದೆಂದು ಸುತ್ತಮುತ್ತ ಸಾಲ ಮಾಡಿ ನಿವೇಶನ ಹಿಡಿದವನಿಗೆ ಆ ದಿನ ಏನಾಗಿರಬೇಕು, ಊಹಿಸಿ. ಕಾರ್ಖಾನೆ ಬಂದ ಮೇಲೂ ದೊಡ್ಡ ಸಂಸ್ಥೆಗಳು ಕೆಲಸಗಾರರಿಗಾಗಿ ತಾವೇ ವಸತಿನಿಲಯಗಳನ್ನು ಕಟ್ಟಿಸಿಕೊಂಡರೆ ಹೊರಗಿನ ಮನೆಗಳಿಗೆ ಒಕ್ಕಲು ಬಾರದು. ನೆಲದ ಬೆಲೆ ಸುದ್ದಿಯಿಂದ ಏರುತ್ತದೆ, ಬಾಡಿಗೆಯಾದರೋ ಸಂಬಳದಿಂದ ಮಾತ್ರ ಏರುತ್ತದೆ. ಬೆಲೆ ಹಾರಿ ಬಾಡಿಗೆ ನಿಂತಲ್ಲೇ ನಿಂತಿರುವ ಊರಿನಲ್ಲಿ ಕೊಳ್ಳುವವನು ಮನೆಯನ್ನಲ್ಲ, ವದಂತಿಯನ್ನು ಕೊಳ್ಳುತ್ತಿದ್ದಾನೆ.

ಕಾನೂನಿನ ಕಡೆಯಿಂದಲೂ ಯಜಮಾನರಿಗೆ ಹಲವು ಭ್ರಮೆಗಳಿವೆ. ನಮ್ಮ ರಾಜ್ಯದ 1999ರ ಬಾಡಿಗೆ ಕಾಯಿದೆಯ ರಕ್ಷಣೆ, ಅದು ಹೆಸರಿಸಿದ ದೊಡ್ಡ ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ಅನ್ವಯಿಸುವುದಿಲ್ಲ. ಆ ಮಿತಿಯೊಳಗಿನ ಮನೆ ಇಂದು ಹುಡುಕಿದರೂ ಸಿಗುವುದು ಕಷ್ಟ. ಆದುದರಿಂದ ಬಹುಪಾಲು ಮನೆಗಳ ವ್ಯವಹಾರ 1882ರ ಕಾಯಿದೆಯ ಮತ್ತು ಇಬ್ಬರೂ ಸಹಿ ಮಾಡಿದ ಕರಾರಿನ ಮೇಲೆ ನಿಂತಿದೆ. ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಬೇಕೆಂಬ ಕಾರಣದಿಂದಲೇ ಎಲ್ಲರೂ ಹನ್ನೊಂದು ತಿಂಗಳ ಕರಾರು ಬರೆಯುತ್ತಾರೆ. ಬರೆಯಲಿ, ಆದರೆ ಸ್ಪಷ್ಟವಾಗಿ ಬರೆಯಲಿ. ಮುಂಗಡ ಎಷ್ಟು, ಸುಣ್ಣಕ್ಕೆ ಎಷ್ಟು ಹಿಡಿಯಲಾಗುವುದು, ದುರಸ್ತಿ ಯಾರದು, ಬಾಡಿಗೆ ಯಾವಾಗ ಎಷ್ಟು ಏರುವುದು, ಬಿಡಲು ಎಷ್ಟು ದಿನ ಮುಂಚೆ ತಿಳಿಸಬೇಕು, ಇಷ್ಟು ಬರೆದಿದ್ದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಕಾನೂನಿಗೆ ನಿಲುಕದ ಮಾತೊಂದಿದೆ. ಅದನ್ನು ಹೇಳದೆ ಈ ಬರಹವನ್ನು ಮುಗಿಸಲಾರೆ. ಮನೆ ಕೇಳಲು ಬಂದವರ ಮೊದಲ ಪರೀಕ್ಷೆ ನಮ್ಮಲ್ಲಿ ಇಂದಿಗೂ "ನೀವು ಯಾವ ಜನ?" ಎಂಬುದೇ. ನೇರವಾಗಿ ಕೇಳಲು ನಾಚುವವರು "ಊಟದಲ್ಲಿ ಹೇಗೆ?" ಎಂದು ಸುತ್ತಿ ಕೇಳುತ್ತಾರೆ. ಸಂಬಳವಿದ್ದು, ಸಂಪನ್ನ ನಡತೆಯಿದ್ದು, ಮುಂಗಡವನ್ನು ಕೈಯಲ್ಲಿ ಹಿಡಿದು ಬಂದ ಯುವಕ ಉಪಾಧ್ಯಾಯನೊಬ್ಬ ತನ್ನ ಜಾತಿಯ ಹೆಸರು ಹೇಳಿದೊಡನೆ "ಮನೆ ನಿನ್ನೆಯೇ ಹೋಯಿತಲ್ಲ" ಎಂಬ ಉತ್ತರ ಕೇಳಿ ಹಿಂತಿರುಗುವುದುಂಟು. ಮಾರನೆಯ ವಾರವೂ ಆ ಬಾಗಿಲಿನಲ್ಲಿ 'ಬಾಡಿಗೆಗಿದೆ' ಎಂಬ ಹಲಗೆ ತೂಗುತ್ತಿರುತ್ತದೆ. ನನ್ನ ವಿದ್ಯಾರ್ಥಿಗಳಲ್ಲೇ ಇಂಥ ಬಾಗಿಲುಗಳನ್ನು ಕಂಡವರಿದ್ದಾರೆ. ಧರ್ಮದ ಮಾತು ಹಾಗಿರಲಿ, ವ್ಯಾಪಾರದ ಲೆಕ್ಕದಲ್ಲಾದರೂ ಇದು ಹೆಡ್ಡತನ. ಖಾಲಿ ಬಿದ್ದ ಒಂದೊಂದು ತಿಂಗಳೂ 9,000 ರೂಪಾಯಿಯ ದಂಡ. ಊರಿನ ಅರ್ಧ ಒಕ್ಕಲನ್ನು ಬಾಗಿಲಾಚೆಯೇ ನಿಲ್ಲಿಸಿ "ಈ ಊರಿನಲ್ಲಿ ಮನೆಗೆ ಬೇಡಿಕೆಯಿಲ್ಲ" ಎಂದು ಕೊರಗುವವನನ್ನು ಏನೆನ್ನಬೇಕು? ಪಡೆಯಬೇಕಾದ ಬಾಡಿಗೆಗೆ ಜಾತಿಯಿಲ್ಲದಿರುವಾಗ ಕೊಡುವ ಮನುಷ್ಯನಿಗೇಕೆ?

ಇಷ್ಟೆಲ್ಲ ಕೇಳಿದ ಮೇಲೆ ಮೇಷ್ಟ್ರು ಒಂದು ಮಾತು ಹೇಳಿದರು. "ನಿನ್ನ ಲೆಕ್ಕ ಸರಿಯಪ್ಪ. ಆದರೆ ಮನೆಯವಳು ಬೇರೊಂದು ಲೆಕ್ಕ ಹೇಳುತ್ತಾಳೆ: ಹಣ ಬ್ಯಾಂಕಿನಲ್ಲಿದ್ದರೆ ಮಕ್ಕಳು ವ್ಯಾಪಾರಕ್ಕೆಂದು ಕೇಳುತ್ತಾರೆ, ತಮ್ಮಂದಿರು ಸಾಲ ಕೇಳುತ್ತಾರೆ, ಇಲ್ಲವೆನ್ನಲು ನಿಮಗೆ ಬಾಯಿ ಬರುವುದಿಲ್ಲ, ಇಟ್ಟಿಗೆಯನ್ನಾದರೆ ಯಾರೂ ಕೇಳುವುದಿಲ್ಲ, ಅಂತ."

ಯಾವ ಅರ್ಥಶಾಸ್ತ್ರದ ಪುಸ್ತಕದಲ್ಲೂ ಈ ಮಾತನ್ನು ನಾನು ಓದಿರಲಿಲ್ಲ. ನಮ್ಮ ಸಂಸಾರಗಳಲ್ಲಿ ಮನೆಯೆಂಬುದು ಲಾಭಕ್ಕಿಂತ ಹೆಚ್ಚಾಗಿ ಒಂದು ಬೀಗ. ಸ್ವಂತ ದಾಕ್ಷಿಣ್ಯದಿಂದ ಸ್ವಂತ ಹಣವನ್ನು ಕಾಪಾಡುವ ಬೀಗ. ಶೇಕಡಾ ಮೂರನ್ನೇ ಪಡೆದು ಉಳಿದ ಮೂರೂವರೆಯನ್ನು ಆ ಬೀಗದ ಬೆಲೆಯೆಂದು ತಿಳಿದು ಕೊಡುವವರನ್ನು ಮೂರ್ಖರೆನ್ನಲಾಗದು. ಆದರೆ ಬೀಗ ಕಳ್ಳನಿಗೂ ತೆರೆಯದು, ಯಜಮಾನನಿಗೂ ಒಮ್ಮೊಮ್ಮೆ ತೆರೆಯದು. ನಡುರಾತ್ರಿ ಎದೆ ನೋವೆಂದು ಆಸ್ಪತ್ರೆಗೆ ಓಡುವಾಗ ಗೋಡೆಯಿಂದ ನಾಲ್ಕು ಇಟ್ಟಿಗೆ ಕಿತ್ತು ಕೊಡಲಾಗುವುದಿಲ್ಲ. ಸಣ್ಣ ಊರಿನಲ್ಲಿ ಮನೆ ಮಾರಲು ವರ್ಷ ಹಿಡಿಯುವುದುಂಟು. ಅವಸರದಲ್ಲಿ ಮಾರುವವನ ಮುಖ ನೋಡಿಯೇ ಕೊಳ್ಳುವವನು ಬೆಲೆ ಇಳಿಸುತ್ತಾನೆ. ಆದುದರಿಂದ ವೃದ್ಧಾಪ್ಯದ ಗಂಟನ್ನೆಲ್ಲ ಒಂದೇ ಗೋಡೆಯಲ್ಲಿ ಹೂಳಬಾರದು. ಮೂರು ವರ್ಷದ ಖರ್ಚಿಗೂ ಒಂದು ದೊಡ್ಡ ಕಾಯಿಲೆಗೂ ಆಗುವಷ್ಟನ್ನು ತೆಗೆದಿರಿಸಿ, ಉಳಿದದ್ದರಲ್ಲಿ ಸಾಲವಿಲ್ಲದೆ ಆಗುವ ಮನೆಯನ್ನು ನೋಡಬೇಕು.

ಆ ಮನೆಯೂ ತಾನಿರುವಲ್ಲಿಗೆ ಒಂದು ಬಸ್ಸಿನ ದಾರಿಯೊಳಗಿರಲಿ. ನಲ್ಲಿ ಸೋರಿತೆಂದರೆ ಹೋಗಿ ನೋಡುವಷ್ಟು ಹತ್ತಿರವಿರಲಿ. ದೊಡ್ಡ ಒಂದು ಮನೆಗಿಂತ ಚಿಕ್ಕ ಎರಡು ಮನೆ ಮೇಲು. ಒಂದು ಖಾಲಿಯಾದರೂ ಇನ್ನೊಂದರಲ್ಲಿ ದೀಪವಿರುತ್ತದೆ. ಬಾಡಿಗೆಯನ್ನು ಪೇಟೆಯ ಕೊನೆಯ ಕಾಸಿನವರೆಗೆ ಹಿಂಡದೆ ಐದುನೂರು ಕಡಿಮೆಗೆ ಕೊಟ್ಟು, ಸಜ್ಜನ ಒಕ್ಕಲನ್ನು ಐದು ವರ್ಷ ಉಳಿಸಿಕೊಂಡವನ ಲೆಕ್ಕ, ವರ್ಷಕ್ಕೊಬ್ಬರನ್ನು ಬದಲಾಯಿಸಿ ಸುಣ್ಣ ಬಳಿಸುತ್ತಿರುವವನ ಲೆಕ್ಕಕ್ಕಿಂತ ಕೊನೆಗೆ ಚೆನ್ನಾಗಿಯೇ ಇರುತ್ತದೆ. ನಮ್ಮ 9,000ದ ಮನೆಯಲ್ಲಿ ಐದುನೂರರಂತೆ ವರ್ಷಕ್ಕೆ ಬಿಟ್ಟದ್ದು 6,000. ಒಂದು ತಿಂಗಳು ಖಾಲಿ ಬಿದ್ದರೆ ಹೋಗುವುದು 9,000. ಇದು ಔದಾರ್ಯವೂ ಹೌದು, ವ್ಯವಹಾರವೂ ಹೌದು.

ಮನೆ ಕೊಳ್ಳಲು ಹೊರಟ ವಾಚಕರು ಆ ಬೀದಿಯಲ್ಲಿ ಒಂದು ಸಂಜೆ ಸುಮ್ಮನೆ ನಡೆದಾಡಿ ಬರಲಿ. ಎಷ್ಟು ಬಾಗಿಲುಗಳ ಮೇಲೆ 'ಬಾಡಿಗೆಗಿದೆ' ಎಂಬ ಹಲಗೆಯಿದೆ, ಎಷ್ಟು ಕಿಟಕಿಗಳಲ್ಲಿ ದೀಪವಿದೆ ಎಂಬುದನ್ನು ಎಣಿಸಲಿ. ದಲಾಲಿಯ ಬಾಯಿಗಿಂತ ಆ ದೀಪಗಳು ಸತ್ಯವನ್ನು ಹೇಳುತ್ತವೆ.